ಕಡಲ ತಳದ ನಂಗು ಮೀನು

ಗೋವಿನಕೋವಿಯ ಸೀಮೆಯಲ್ಲಿ ಹರಿಯುವ ತುಂಗಭದ್ರೆಯು ಕೃಷ್ಣೆಯನ್ನು ಕೂಡಿ ಮೂಡಣ ಕಡಲನ್ನು ಸೇರುವುದಾದ್ದರಿಂದ, ಪಡುವಣ ಕರಾವಳಿಯ ನಂಗು ಮೀನು ಇಲ್ಲಿನವರಿಗೆ ಒಣಮೀನಾಗಿಯೋ ಗೊಬ್ಬರವಾಗಿಯೋ ಬಂದರೆ ಮಾತ್ರ ಕಾಣಸಿಗುವುದು.

ಮಂಗಳೂರು, ಮಲ್ಪೆಗಳ ತೀರದ ಕೆಸರುನೆಲವೇ ಇದರ ವಾಸಸ್ಥಾನ. ಮೈ ಎಲೆಯಂತೆ ಚಪ್ಪಟೆ. ಉದ್ದವು ಗೇಣನ್ನು ಮೀರದು. ಮೊಟ್ಟೆಯೊಡೆದ ಮರಿಗೆ ಉಳಿದ ಮೀನುಗಳಂತೆ ಎರಡು ಮಗ್ಗುಲಿಗೂ ಒಂದೊಂದು ಕಣ್ಣಿದ್ದು, ಅದು ನೆಟ್ಟಗೆ ಈಜುವುದು. ಬೆಳೆಯುತ್ತ ಬಲಗಣ್ಣು ತಲೆಯನ್ನು ದಾಟಿ ಎಡಕ್ಕೆ ಸರಿಯುವುದು! ಆ ಬಳಿಕ ಕುರುಡು ಮಗ್ಗುಲನ್ನು ಕೆಳಗೆ ಮಾಡಿ ತಳದಲ್ಲಿಯೇ ಮಲಗಿ ಬಾಳುವುದು. ಮೇಲ್ಮಗ್ಗುಲು ಕೆಸರಿನ ಬಣ್ಣ, ಕೆಳಗಿನದು ಬಿಳಿದು. ಕೆಸರಿನ ಹುಳುಗಳೇ ಮುಖ್ಯ ಆಹಾರ; ಇವು ಹೊಲದ ಎರೆಹುಳುವಿನ ದಾಯಾದಿಗಳು.

ಮಳೆಗಾಲದಲ್ಲಿ ಆಳಕ್ಕೆ ಸರಿದ ಮೀನು ಸೆಪ್ಟೆಂಬರ್ ಸುಮಾರಿಗೆ ದಂಡೆಯತ್ತ ಮರಳಿ, ಅಕ್ಟೋಬರಿನಿಂದ ಮೊಟ್ಟೆಯಿಡತೊಡಗುವುದು. ಆದಕಾರಣ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ವಿಧಿಸಿರುವ 61 ದಿನಗಳ ನಿಷೇಧವು ಇದರ ಮೊಟ್ಟೆಯ ಕಾಲವನ್ನು ಕಾಯದು. ನೆಲವನ್ನು ಗೋರುವ ಎಳೆಬಲೆಯು ಮರಿಯನ್ನೂ ಅದರ ಆಹಾರವನ್ನೂ ಒಟ್ಟಿಗೆ ಬಾಚುವುದು.

ಇಂತಹ ಎಳೆಮೀನು ಗೊಬ್ಬರವಾಗಿ ತೋಟಗಳಿಗೆ ಬರುವುದುಂಟು. ಸಾರಜನಕ, ರಂಜಕಗಳುಳ್ಳ ಮೀನುಗೊಬ್ಬರವು ಅಡಕೆ, ತೆಂಗುಗಳಿಗೆ ಹಿತವೇ ಸರಿ. ಆದರೆ ಉಪ್ಪು ಹಾಕಿದ್ದನ್ನೂ ಮರಳು ಬೆರೆತದ್ದನ್ನೂ ಕೊಳ್ಳಲಾಗದು. ಬೆರಳುದ್ದದ ಮರಿಗಳೇ ತುಂಬಿದ ಚೀಲವನ್ನು ಜಮೀನುದಾರರು ಹಿಂದಿರುಗಿಸುವುದು ಲೇಸು.