ವಿಕಲಚೇತನ ಮಕ್ಕಳ ಕಲಿಕೆ: ಸಾಧನ ಕೊಟ್ಟರೆ ಸಾಕೇ?



ಕೆಲವು ವರ್ಷಗಳ ಹಿಂದೆ ಮನೆ ಭೇಟಿಗೆ ಹೋಗಿದ್ದಾಗ ನಡೆದ ಒಂದು ಸಂಗತಿಯಿಂದ ಈ ತಿಂಗಳ ಪಾಠವನ್ನು ಆರಂಭಿಸುತ್ತೇವೆ. ಆ ಮನೆಯಲ್ಲಿ ಮೂರನೇ ತರಗತಿಯ ಹುಡುಗ. ಕಿವಿ ಸರಿಯಾಗಿ ಕೇಳಿಸದು. ಎರಡು ವರ್ಷಗಳ ಹಿಂದೆಯೇ ನಮ್ಮ ಶಿಬಿರದಲ್ಲಿ ಅವನಿಗೆ ಶ್ರವಣ ಸಾಧನ ಕೊಟ್ಟಿದ್ದೆವು. "ಎಲ್ಲಿದೆಯಮ್ಮ ಮಗುವಿನ ಕಿವಿ ಮಿಷನ್ನು?" ಎಂದು ಕೇಳಿದೆವು. ತಾಯಿ ಒಳಗೆ ಹೋಗಿ ಟ್ರಂಕು ತೆಗೆದು, ಬಟ್ಟೆಯಲ್ಲಿ ಸುತ್ತಿದ್ದ ಡಬ್ಬಿಯನ್ನು ತಂದರು. "ಬೆಲೆ ಬಾಳೋ ಸಾಮಾನು ಸಿಸ್ಟರ್, ಆಟ ಆಡ್ತಾ ಬೀಳಿಸಿಬಿಟ್ರೆ ಏನ್ ಮಾಡೋದು ಅಂತ ಜೋಪಾನ ಮಾಡಿ ಇಟ್ಟಿದೀನಿ. ನೀವು ಬಂದಾಗ ಹಾಕ್ತೀನಿ" ಎಂದರು.

ಬ್ಯಾಟರಿ ಎಂದೋ ಮುಗಿದಿತ್ತು. ಕಿವಿಯೊಳಗೆ ಕೂರಿಸುವ ಅಚ್ಚು ಅವನಿಗೆ ಚಿಕ್ಕದಾಗಿತ್ತು. ಎರಡು ವರ್ಷ ಆ ಮಗು ಶಾಲೆಗೆ ಹೋಗಿ ಕೂತು ಬಂದಿದ್ದ, ಅಷ್ಟೇ. ನಮ್ಮ ರಿಜಿಸ್ಟರಿನಲ್ಲಿ ಮಾತ್ರ ಅವನ ಹೆಸರಿನ ಮುಂದೆ ‘ವಿತರಣೆ ಆಗಿದೆ’ ಎಂದು ಬರೆದಿತ್ತು. ತಪ್ಪು ತಾಯಿಯದಲ್ಲ. ಕೊಟ್ಟು ಫೋಟೋ ತೆಗೆಸಿಕೊಂಡು ಬಂದ ನಮ್ಮದು. ಆ ದಿನ ನಾವು ಕಲಿತದ್ದು ಇಷ್ಟು: ಸಾಧನ ಮಗುವಿನ ಕೈಗೆ ಬಂದರೆ ಅರ್ಧ ಕೆಲಸ ಮಾತ್ರ ಮುಗಿಯಿತು. ಅದನ್ನು ದಿನವೂ ಬಳಸುವ ಕ್ರಮ ಮತ್ತು ನೋಡಿಕೊಳ್ಳುವ ಒಬ್ಬ ವ್ಯಕ್ತಿ ಇದ್ದಾಗಲೇ ಉಳಿದ ಅರ್ಧ.

1. ಮೊದಲು ಮಗುವನ್ನು ನೋಡೋಣ

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ವಿಕಲಚೇತನರ ಸಂಖ್ಯೆ 13 ಲಕ್ಷಕ್ಕಿಂತ ಹೆಚ್ಚು. 1995ರ ಕಾಯಿದೆ 7 ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. 2016ರ ಕಾಯಿದೆ 21 ಬಗೆಗಳನ್ನು ಗುರುತಿಸಿದೆ. ಆದರೆ ಶಾಲೆಯಲ್ಲಿ ನಾವು ಕೇಳಬೇಕಾದ ಪ್ರಶ್ನೆ ‘ಯಾವ ಬಗೆ, ಎಷ್ಟು ಪರ್ಸೆಂಟ್’ ಎಂಬುದಲ್ಲ. ‘ಈ ಮಗುವಿಗೆ ಯಾವ ಕೆಲಸ ಕಷ್ಟವಾಗುತ್ತಿದೆ?’ ಎಂಬುದು. ಬೋರ್ಡು ಕಾಣಿಸುತ್ತಿಲ್ಲವೇ? ಟೀಚರ್ ಮಾತು ಕೇಳಿಸುತ್ತಿಲ್ಲವೇ? ಪೆನ್ಸಿಲ್ ಹಿಡಿಯಲು ಆಗುತ್ತಿಲ್ಲವೇ? ಉತ್ತರ ಗೊತ್ತಿದ್ದರೂ ಹೇಳಲು ಬಾಯಿ ಬರುತ್ತಿಲ್ಲವೇ? ಇದು ಗೊತ್ತಾದ ಮೇಲೆಯೇ ಸಾಧನದ ಮಾತು.

2. ಕಿವಿ ಕೇಳಿಸದ ಮಕ್ಕಳಿಗೆ

ಶ್ರವಣ ಸಾಧನ ಶಬ್ದವನ್ನು ದೊಡ್ಡದು ಮಾಡುತ್ತದೆ. ಟೀಚರ್ ಮಾತಿನ ಜೊತೆಗೆ ಬೆಂಚು ಎಳೆಯುವ ಸದ್ದು, ರಸ್ತೆಯ ಸದ್ದನ್ನೂ ದೊಡ್ಡದು ಮಾಡುತ್ತದೆ. ಅದಕ್ಕೇ ಮಕ್ಕಳು ಮೊದಮೊದಲು ಕಿತ್ತು ಹಾಕುತ್ತಾರೆ. ಬೈಯಬೇಡಿ. ಮೊದಲು ಸದ್ದಿಲ್ಲದ ಕೋಣೆಯಲ್ಲಿ ಸ್ವಲ್ಪ ಹೊತ್ತು, ಆಮೇಲೆ ನಿಧಾನವಾಗಿ ಹೆಚ್ಚು ಹೊತ್ತು ಹಾಕಿಸಿ ರೂಢಿ ಮಾಡಿಸಿ.

ದಿನವೂ ಬೆಳಿಗ್ಗೆ ಶಾಲೆಗೆ ಕಳಿಸುವ ಮುಂಚೆ ಎರಡು ನಿಮಿಷದ ಪರೀಕ್ಷೆ ಮಾಡಿ. ಇದಕ್ಕೆ ಲಿಂಗ್ ಎಂಬ ತಜ್ಞರ ಹೆಸರಿನಲ್ಲಿ ‘ಆರು ಧ್ವನಿ ಪರೀಕ್ಷೆ’ ಎನ್ನುತ್ತಾರೆ. ಮಗುವಿನ ಹಿಂದೆ ನಿಂತು ಆ, ಊ, ಈ, ಶ್, ಸ್, ಮ್ ಎಂದು ಒಂದೊಂದಾಗಿ ಹೇಳಿ. ಕೇಳಿಸಿದಾಗ ಮಗು ಚಪ್ಪಾಳೆ ತಟ್ಟಲಿ. ನಿನ್ನೆ ಕೇಳಿಸಿದ್ದು ಇವತ್ತು ಕೇಳಿಸದಿದ್ದರೆ ಮೊದಲು ಬ್ಯಾಟರಿ ನೋಡಿ.

ಬ್ಯಾಟರಿಯ ಮೇಲಿನ ಸ್ಟಿಕ್ಕರನ್ನು ಬಳಸುವಾಗ ಮಾತ್ರ ಕೀಳಬೇಕು. ಕಿತ್ತ ತಕ್ಷಣ ಗಾಳಿ ಸೋಕಿ ಅದರ ಶಕ್ತಿ ಖರ್ಚಾಗಲು ಶುರುವಾಗುತ್ತದೆ, ಮತ್ತೆ ಅಂಟಿಸಿದರೆ ನಿಲ್ಲದು. ರಾತ್ರಿ ಬ್ಯಾಟರಿ ಬಾಗಿಲು ತೆರೆದು ಒಣ ಡಬ್ಬಿಯಲ್ಲಿಡಿ. ಸಾಧನ ಕುಯ್ ಎಂದು ಕೂಗಿದರೆ ಅಚ್ಚು ಸಡಿಲವಾಗಿರಬಹುದು. ಮಗು ಬೆಳೆದ ಹಾಗೆ ಕಿವಿಯೂ ಬೆಳೆಯುತ್ತದೆ, ಅಚ್ಚು ಬದಲಿಸಲೇಬೇಕು. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ, ತರಬೇತಿ, ತಾಯಂದಿರಿಗೆ ಮಾರ್ಗದರ್ಶನ ದೊರೆಯುತ್ತದೆ.

ಶಿಕ್ಷಕರು ಮಗುವನ್ನು ತಮ್ಮ ಹತ್ತಿರ, ಕಿಟಕಿಯ ಸದ್ದಿನಿಂದ ದೂರ ಕೂರಿಸಲಿ. ಬೋರ್ಡಿನ ಕಡೆ ತಿರುಗಿಕೊಂಡು ಪಾಠ ಹೇಳದಿರಲಿ. ಈ ಮಕ್ಕಳು ತುಟಿಯನ್ನೂ ಓದುತ್ತಾರೆ. ಸಾಧನದಿಂದ ಪ್ರಯೋಜನವಾಗದ ಮಕ್ಕಳಿಗೆ ಸನ್ನೆ ಭಾಷೆಯೇ ಭಾಷೆ. ಅದು ಬರೀ ಕೈ ಆಡಿಸುವುದಲ್ಲ, ತನ್ನದೇ ವ್ಯಾಕರಣ ಇರುವ ಪೂರ್ಣ ಭಾಷೆ. ಮನೆಯವರೂ ಕಲಿಯದಿದ್ದರೆ ಮಗು ಮನೆಯಲ್ಲೇ ಒಂಟಿ.

3. ಕಣ್ಣು ಕಾಣಿಸದ ಮಕ್ಕಳಿಗೆ

ಊರಲ್ಲಿ ‘ಕುರುಡು’ ಎಂದು ಕರೆಸಿಕೊಳ್ಳುವ ಎಷ್ಟೋ ಮಕ್ಕಳಿಗೆ ಸ್ವಲ್ಪ ದೃಷ್ಟಿ ಇರುತ್ತದೆ. ಅಂಥ ಮಗುವಿಗೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದ ಪುಸ್ತಕ, ಬೆಳಕು ಬರುವ ಜಾಗ, ಭೂತಗನ್ನಡಿ ಕೊಟ್ಟು ನೋಡಿ. ಕಪ್ಪು ರಟ್ಟಿನಲ್ಲಿ ಒಂದು ಸಾಲಿನಷ್ಟು ಉದ್ದದ ಕಿಂಡಿ ಕತ್ತರಿಸಿ ಪುಸ್ತಕದ ಮೇಲಿಟ್ಟರೆ ಸಾಲು ತಪ್ಪುವುದಿಲ್ಲ. ಖರ್ಚೂ ಇಲ್ಲ.

ಪೂರ್ತಿ ಕಾಣಿಸದ ಮಗುವಿಗೆ ಬ್ರೈಲ್ ಬೇಕು. ಫ್ರಾನ್ಸಿನ ಲೂಯಿ ಬ್ರೈಲ್ 1829ರಲ್ಲಿ ತಮ್ಮ ಪದ್ಧತಿಯನ್ನು ಪ್ರಕಟಿಸಿದರು. ಆರು ಚುಕ್ಕಿಗಳಿಂದ 63 ಆಕಾರಗಳು. ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಜಾರಿಗೆ ಬಂತು. ‘ಅ’ ಎಂದರೆ ಒಂದನೇ ಚುಕ್ಕಿ ಮಾತ್ರ. ‘ಕ’ ಎಂದರೆ ಒಂದು ಮತ್ತು ಮೂರನೇ ಚುಕ್ಕಿ. ಮೊಟ್ಟೆಯ ರಟ್ಟಿನ ಟ್ರೇಯಲ್ಲಿ ಆರು ಗುಳಿಗಳ ತುಂಡು ಕತ್ತರಿಸಿ, ನಿಂಬೆಹಣ್ಣು ಇಟ್ಟು ಆಟವಾಡಿಸಿದರೆ ಮಗು ಚುಕ್ಕಿಗಳ ಜಾಗ ಕಲಿಯುತ್ತದೆ. ಆಮೇಲೆ ಬ್ರೈಲ್ ಸ್ಲೇಟು ಮತ್ತು ಮೊಳೆಯಂಥ ಕಡ್ಡಿ. ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ಚುಚ್ಚಿ, ಕಾಗದ ತಿರುಗಿಸಿ ಎಡದಿಂದ ಬಲಕ್ಕೆ ಓದಬೇಕು. ಕಣ್ಣು ಕಾಣುವ ಶಿಕ್ಷಕರೂ ಪ್ರಯತ್ನಪಟ್ಟರೆ ಕಲಿಯಬಹುದು.

ಲೆಕ್ಕಕ್ಕೆ ಟೇಲರ್ ಫ್ರೇಮ್ ಇದೆ. ಎಂಟು ಮೂಲೆಯ ರಂಧ್ರಗಳಲ್ಲಿ ಸಣ್ಣ ಲೋಹದ ಮೊಳೆಗಳನ್ನು ಬೇರೆ ಬೇರೆ ದಿಕ್ಕಿಗೆ ನಿಲ್ಲಿಸಿ ಅಂಕಿ ಮಾಡುವುದು. ಮಣಿ ಜಾರದ ಹಾಗೆ ಮಾಡಿದ ಅಬಾಕಸ್ ಕೂಡ ಇದೆ. ಭೂಗೋಳಕ್ಕೆ ರಟ್ಟಿನ ಮೇಲೆ ಕರ್ನಾಟಕದ ಗಡಿಗೆ ಗೋಣಿ ಹುರಿ, ಕಾವೇರಿ ಕೃಷ್ಣೆಯರಿಗೆ ಹೊಲಿಗೆ ದಾರ ಅಂಟಿಸಿ. ಈ ನಕ್ಷೆ ತರಗತಿಯ ಎಲ್ಲ ಮಕ್ಕಳಿಗೂ ಇಷ್ಟವಾಗುತ್ತದೆ.

4. ಮಾತಾಡುವ ಫೋನು, ಮಾತಾಡುವ ಕಂಪ್ಯೂಟರು

ಈಗ ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಎಂಬ ವ್ಯವಸ್ಥೆ ಇದೆ. ಪರದೆಯ ಮೇಲಿರುವುದನ್ನು ಕನ್ನಡದಲ್ಲೂ ಓದಿ ಹೇಳುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಇದೆ. ಇದನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯಾದ ಮೈಕಲ್ ಕರನ್. ಸ್ವತಃ ದೃಷ್ಟಿಹೀನರು.

ಆದರೆ ಇಲ್ಲೊಂದು ತೊಡಕಿದೆ, ಶಿಕ್ಷಕರು ದಯವಿಟ್ಟು ಗಮನಿಸಿ. ನೋಟ್ಸು, ಪ್ರಶ್ನೆಪತ್ರಿಕೆಗಳನ್ನು ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಅದು ಕಣ್ಣಿಗೆ ಮಾತ್ರ ಕನ್ನಡ. ಯಂತ್ರಕ್ಕೆ ಒಳಗಿರುವುದು ಇಂಗ್ಲಿಷ್ ಸಂಕೇತಗಳು. ಓದಿದರೆ ತಲೆಬುಡ ಇರುವುದಿಲ್ಲ. ಯೂನಿಕೋಡಿನಲ್ಲಿ ಟೈಪ್ ಮಾಡಿದರೆ ಮಾತ್ರ ಸರಿಯಾಗಿ ಓದುತ್ತದೆ. ಹೊಸ ನುಡಿಯಲ್ಲಿ ಯೂನಿಕೋಡ್ ಇದೆ. ಹಾಗೆಯೇ ನೋಟ್ಸಿನ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರೆ ಈ ಮಗುವಿಗೆ ಅದು ಖಾಲಿ ಹಾಳೆಯಿದ್ದಂತೆ. ಚಿತ್ರದಿಂದ ಅಕ್ಷರ ಓದುವ ತಂತ್ರಗಳಿದ್ದರೂ ಕೈಬರಹದಲ್ಲಿ ತಪ್ಪುತ್ತವೆ.

ಪಠ್ಯಪುಸ್ತಕವನ್ನು ಓದುವ ರೂಪಕ್ಕೆ ತರಲು ಹೆದರಬೇಕಿಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿಯಾಗಿ, ವಿಕಲಚೇತನರಿಗಾಗಿ ಪುಸ್ತಕಗಳನ್ನು ಅವರಿಗೆ ಅನುಕೂಲವಾದ ರೂಪಕ್ಕೆ ತರಲು ಅವಕಾಶವಾಗಿದೆ. 2016ರಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವೂ ಆರಂಭವಾಯಿತು.

ಇಷ್ಟಾದರೂ ಒಂದು ಮಾತು. ಫೋನು ಬಂತೆಂದು ಬ್ರೈಲ್ ಬಿಡಿಸಬೇಡಿ. ಕೇಳಿ ಮಾತ್ರ ಕಲಿತ ಮಗುವಿಗೆ ಕಾಗುಣಿತ, ಒತ್ತಕ್ಷರ ತಪ್ಪುತ್ತವೆ. ಓದುಬರಹ ಬೆರಳಿಗೂ ಬರಬೇಕು.

5. ಕೈಕಾಲು ಸ್ವಾಧೀನ ಕಡಿಮೆ ಇರುವವರಿಗೆ, ನಿಧಾನವಾಗಿ ಕಲಿಯುವವರಿಗೆ

ಪೆನ್ಸಿಲಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿದರೆ ಹಿಡಿತ ಸಿಗುತ್ತದೆ. ಕುರ್ಚಿಯಲ್ಲಿ ಕೂತಾಗ ಕಾಲು ನೇತಾಡದಂತೆ ಕೆಳಗೆ ಹಲಗೆ ಇಟ್ಟರೆ ಮೈ ನೇರವಾಗಿ, ಕೈ ಹತೋಟಿಗೆ ಬರುತ್ತದೆ. ಮಾತು ಬಾರದ ಮಗುವಿಗೆ ನೀರು, ಊಟ, ಶೌಚ, ನೋವು, ಸಾಕು ಎಂಬ ಚಿತ್ರಗಳ ಒಂದು ರಟ್ಟು ಕೊಡಿ. ಬೆರಳು ತೋರಿಸಿ ಹೇಳುತ್ತದೆ. ನಿಧಾನವಾಗಿ ಕಲಿಯುವ ಮಗುವಿಗೆ ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆ ಮಾಡಿ ಕಲಿಸಿ. ಲೆಕ್ಕವನ್ನು ನಿಜವಾದ ನಾಣ್ಯಗಳಿಂದ, ಅಂಗಡಿಯಲ್ಲೇ ಕಲಿಸಿ.

6. ಇದು ದಾನವಲ್ಲ, ಹಕ್ಕು

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪ್ರಕಾರ, ಶೇ. 40 ಅಥವಾ ಹೆಚ್ಚು ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಮಗುವಿನದು. ಪುಸ್ತಕ, ಕಲಿಕಾ ಸಾಮಗ್ರಿ, ಸೂಕ್ತ ಸಾಧನಗಳನ್ನು 18 ವರ್ಷದವರೆಗೆ ಉಚಿತವಾಗಿ ಕೊಡಬೇಕು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಇಂಥ ಅನುಕೂಲಗಳೂ ಈ ಕಾಯಿದೆಯಲ್ಲಿವೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರನ್ನು ಕಂಡು ಕೇಳಿ. ತಾಯಿ ಒಬ್ಬಳೇ ಹೋಗುವುದಕ್ಕಿಂತ ಸಂಘದ ನಾಲ್ಕು ಜನ ಜೊತೆಗೆ ಹೋದರೆ ಕೆಲಸ ಬೇಗ ಆಗುತ್ತದೆ.

7. ಆ ಹುಡುಗ ಏನಾದ?

ಹೊಸ ಅಚ್ಚು ಮಾಡಿಸಿದೆವು. ಮೊದಲ ವಾರ ದಿನವೂ ಕಿತ್ತು ಹಾಕಿದ. ತಾಯಿ ಬೆಳಿಗ್ಗೆ ಒಲೆ ಮುಂದೆ ರೊಟ್ಟಿ ಬಡಿಯುತ್ತಾ ‘ಆ, ಊ, ಈ’ ಪರೀಕ್ಷೆ ಮಾಡುವುದನ್ನು ರೂಢಿ ಮಾಡಿಕೊಂಡರು. ಪಕ್ಕದಲ್ಲಿ ಕೂರುವ ಗೆಳೆಯನೇ ಬ್ಯಾಟರಿ ಬದಲಿಸಲು ಕಲಿತ. ‘ಸ್’ ಎಂದರೆ ಅವನಿಗೆ ಇಂದಿಗೂ ಕೇಳಿಸದು. ಕಳೆದುಹೋದ ಎರಡು ವರ್ಷದ ಪಾಠ ಪೂರ್ತಿ ಸಿಕ್ಕಿದೆ ಎಂದೂ ಹೇಳಲಾರೆವು. ಆದರೆ ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಾನೆ.

ನಮ್ಮ ರಿಜಿಸ್ಟರಿನಲ್ಲೂ ಎರಡು ಹೊಸ ಕಾಲಂ ಹಾಕಿದ್ದೇವೆ: ‘ಈ ವಾರ ಬಳಸಿದೆಯೇ?’, ‘ನೋಡಿಕೊಳ್ಳುವವರು ಯಾರು?’ ಇವೆರಡೂ ತುಂಬದ ಹೊರತು ‘ವಿತರಣೆ ಆಗಿದೆ’ ಎಂದು ಬರೆಯುವುದಿಲ್ಲ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಿನಲ್ಲಿ ಸಾಧನ ಪಡೆದ ಮಕ್ಕಳು ಎಷ್ಟು ಜನ? ಅದರಲ್ಲಿ ದಿನವೂ ಬಳಸುವವರು ಎಷ್ಟು?
2. ಬಳಸದೆ ಇಟ್ಟಿರುವ ಮನೆಗಳಲ್ಲಿ ಕಾರಣವೇನು? ಬ್ಯಾಟರಿಯೇ, ಅಳತೆಯೇ, ನಾಚಿಕೆಯೇ, ಭಯವೇ?
3. ನಮ್ಮ ಶಾಲೆಯ ನೋಟ್ಸು ಯೂನಿಕೋಡಿನಲ್ಲಿ ಇದೆಯೇ?

ಈ ತಿಂಗಳ ಕೆಲಸ: ಪ್ರತಿ ಸಂಘವೂ ಒಂದು ಮಗುವಿನ ಮನೆಗೆ ಹೋಗಿ, ಟ್ರಂಕು ಸೇರಿದ ಸಾಧನ ಇದ್ದರೆ ಅದನ್ನು ಹೊರಗೆ ತೆಗೆಸಲಿ. ಮುಂದಿನ ಸಭೆಯಲ್ಲಿ ಆ ಮಗುವಿನ ಬಗ್ಗೆ ಕೇಳಲು ನಾವು ಕಾದಿರುತ್ತೇವೆ.