ಮೆಚ್ಚಿನ ಕೃತಿ ಯಾವುದು? : ಡಿಸ್ಕ್‌ವರ್ಲ್ಡ್ ಮಾಲೆ ಮತ್ತು ಓದುಗರ ಆಯ್ಕೆ

ಒಂದು ದೀರ್ಘ ಕಾದಂಬರಿ ಮಾಲೆಯನ್ನು ಓದಿದ ಇಬ್ಬರು ಎದುರಾದರೆ ಅವರ ನಡುವೆ ಮೊದಲು ಹುಟ್ಟುವ ಪ್ರಶ್ನೆ 'ನಿಮಗೆ ಮೆಚ್ಚಿನದು ಯಾವುದು?' ಎಂಬುದು. ವಿಮರ್ಶೆ ಈ ಪ್ರಶ್ನೆಗೆ ಕಿವಿಗೊಟ್ಟದ್ದು ಕಡಿಮೆ. ಮೆಚ್ಚುಗೆಯು ಅಭಿರುಚಿಗೆ ಸೇರಿದ್ದು, ಮೌಲ್ಯನಿರ್ಣಯವು ವಿಮರ್ಶೆಗೆ ಸೇರಿದ್ದು ಎಂಬ ವಿಭಜನೆಯನ್ನು ನಾವು ಬಹುಕಾಲದಿಂದ ಒಪ್ಪಿಕೊಂಡು ಬಂದಿದ್ದೇವೆ. ಬಿಡಿ ಕೃತಿಯ ಮಟ್ಟಿಗೆ ಈ ವಿಭಜನೆ ಸರಿಯಿರಬಹುದು. ಆದರೆ ಮೂರು ದಶಕಗಳ ಕಾಲ ಬೆಳೆದ ಮಾಲೆಯೊಂದರಲ್ಲಿ, ಅದರಲ್ಲಿಯೂ ಹಾಸ್ಯದ ಮಾಲೆಯಲ್ಲಿ, ಮೆಚ್ಚಿನ ಕೃತಿಯನ್ನು ಕುರಿತ ವಾದವೇ ವಿಮರ್ಶೆಯ ಕೆಲಸವನ್ನು ಮಾಡುತ್ತದೆ. ಲೇಖಕ ಎಲ್ಲಿ ತಿರುಗಿದ, ಎಲ್ಲಿ ಬೆಳೆದ, ಎಲ್ಲಿ ದಣಿದ ಎಂಬುದನ್ನು ಓದುಗರು ತಮ್ಮ ಆಯ್ಕೆಯ ಮೂಲಕವೇ ಹೇಳುತ್ತಾರೆ. ಇಂಗ್ಲಿಷ್ ಲೇಖಕ ಟೆರಿ ಪ್ರ್ಯಾಚೆಟ್ (1948-2015) ಅವರ 'ಡಿಸ್ಕ್‌ವರ್ಲ್ಡ್' ಮಾಲೆಯನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸಬಹುದು.

1983ರ 'ದ ಕಲರ್ ಆಫ್ ಮ್ಯಾಜಿಕ್'ನಿಂದ ಲೇಖಕರ ಮರಣಾನಂತರ 2015ರಲ್ಲಿ ಬಂದ 'ದ ಶೆಪರ್ಡ್ಸ್ ಕ್ರೌನ್'ವರೆಗೆ ಈ ಮಾಲೆಯಲ್ಲಿ 41 ಕಾದಂಬರಿಗಳಿವೆ. ಇವೆಲ್ಲ ನಡೆಯುವ ಲೋಕ ತಟ್ಟೆಯಂತೆ ಚಪ್ಪಟೆಯಾದದ್ದು. ಅದನ್ನು ನಾಲ್ಕು ಆನೆಗಳು ಹೊತ್ತಿವೆ. ಆನೆಗಳನ್ನು ಬಾಹ್ಯಾಕಾಶದಲ್ಲಿ ಈಜುವ ಮಹಾಕೂರ್ಮವೊಂದು ಹೊತ್ತಿದೆ. ಕನ್ನಡ ಓದುಗನಿಗೆ ಇಲ್ಲಿ ಪರಿಚಯದ ಭಾವ ಮೂಡುವುದು ಸಹಜ. ನಮ್ಮ ಕಾವ್ಯಗಳ ದಿಗ್ಗಜಗಳು ಎಂಟು. ಆದರೆ ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಸಗರಪುತ್ರರು ಭೂಮಿಯನ್ನು ಅಗೆಯುತ್ತ ಹೋದಾಗ ಕಾಣುವುದು ನಾಲ್ಕೇ ಆನೆಗಳನ್ನು: ವಿರೂಪಾಕ್ಷ, ಮಹಾಪದ್ಮ, ಸೌಮನಸ, ಭದ್ರ. ಆನೆಯ ಕೆಳಗೆ ಆಮೆ ಎಂಬ ಚಿತ್ರ ಭಾರತೀಯರ ನಂಬಿಕೆಯೆಂಬ ಹೆಸರಿನಲ್ಲಿ ಹದಿನೇಳನೆಯ ಶತಮಾನದ ಯುರೋಪನ್ನು ತಲುಪಿತ್ತು. ತತ್ತ್ವಜ್ಞಾನಿ ಜಾನ್ ಲಾಕ್ ಅದನ್ನು ತರ್ಕದೋಷಕ್ಕೆ ಉದಾಹರಣೆಯಾಗಿ ಬಳಸಿಕೊಂಡಿದ್ದಾನೆ. ತತ್ತ್ವಜ್ಞಾನಿ ನಕ್ಕು ಬಿಟ್ಟ ಚಿತ್ರವನ್ನು ಹಾಸ್ಯಗಾರ ಗಂಭೀರವಾಗಿ ಸ್ವೀಕರಿಸಿ ಅದರ ಮೇಲೆ ಒಂದು ನಾಗರಿಕತೆಯನ್ನೇ ಕಟ್ಟಿದ್ದು ಸ್ವಾರಸ್ಯದ ಸಂಗತಿ.

ಮಾಲೆ ಎಂದರೂ ಇದು ಒಂದೇ ಕಥೆಯ ಮುಂದುವರಿಕೆಯಲ್ಲ. ಹೇಡಿ ಮಾಂತ್ರಿಕ ರಿನ್ಸ್‌ವಿಂಡ್‌ನದು ಒಂದು ಎಳೆ. ಬೆಟ್ಟದ ನಾಡಿನ ಮಾಟಗಾತಿಯರದು, ಆಂಕ್-ಮೋರ್ಪೋರ್ಕ್ ಎಂಬ ಕೊಳಕು ಮಹಾನಗರದ ಕಾವಲು ಪಡೆಯದು, ಸ್ವತಃ ಸಾವಿನದು ಬೇರೆ ಬೇರೆ ಎಳೆಗಳು; ಕೊನೆಯ ವರ್ಷಗಳಲ್ಲಿ ಟಿಫನಿ ಎಂಬ ಕುರಿಗಾಹಿ ಮನೆತನದ ಹುಡುಗಿಯದು ಇವುಗಳೊಡನೆ ಸೇರಿತು. ಆದ್ದರಿಂದ ಓದುಗರು ಮೆಚ್ಚಿನದನ್ನು ಹೆಸರಿಸುವಾಗ ಮೊದಲು ಒಂದು ಎಳೆಯನ್ನು, ಆಮೇಲೆ ಅದರೊಳಗಿನ ಒಂದು ಕೃತಿಯನ್ನು ಆರಿಸುತ್ತಾರೆ. ಇದರೊಡನೆ ಇನ್ನೊಂದು ವಾದವೂ ಹೆಣೆದುಕೊಂಡಿದೆ: ಹೊಸಬನು ಎಲ್ಲಿಂದ ಆರಂಭಿಸಬೇಕು? ಹಳೆಯ ಓದುಗರಲ್ಲಿ ಅನೇಕರು 'ಮೊದಲಿನಿಂದ' ಎಂದು ಹೇಳುವುದಿಲ್ಲ. ಮೊದಲ ಕೃತಿ ಅಂದಿನ ಅದ್ಭುತ ಕಥೆಗಳ ಅಣಕ. ಅಣಕಕ್ಕೆ ಮೂಲದ ಪರಿಚಯ ಬೇಕು. ಮೂಲ ಮರೆಯಾದರೆ ಅಣಕ ಬಾಡುತ್ತದೆ. ಮುಂದೆ ಪ್ರ್ಯಾಚೆಟ್ ಪುಸ್ತಕಗಳನ್ನು ಅಣಕಿಸುವುದನ್ನು ಕಡಿಮೆ ಮಾಡಿ ಪೊಲೀಸು, ಪತ್ರಿಕೆ, ಅಂಚೆ, ಬ್ಯಾಂಕು, ಯುದ್ಧ, ಧರ್ಮಗಳನ್ನು ವಿಡಂಬಿಸತೊಡಗಿದರು.

ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆ 2003ರಲ್ಲಿ ಜನಮೆಚ್ಚಿದ ಕಾದಂಬರಿಗಳನ್ನು ಕುರಿತು ನಡೆಸಿದ ಮತಗಣನೆ ಈ ಪಲ್ಲಟಕ್ಕೆ ಸಾಕ್ಷಿಯಾಗಿದೆ. ಮೊದಲ ನೂರರಲ್ಲಿ ಡಿಸ್ಕ್‌ವರ್ಲ್ಡ್‌ನ ನಾಲ್ಕು ಕೃತಿಗಳಿದ್ದವು: 'ಮಾರ್ಟ್' 65ನೆಯದು, 'ಗಾರ್ಡ್ಸ್! ಗಾರ್ಡ್ಸ್!' 69ನೆಯದು, 'ನೈಟ್ ವಾಚ್' 73ನೆಯದು, 'ದ ಕಲರ್ ಆಫ್ ಮ್ಯಾಜಿಕ್' 93ನೆಯದು. ಇಪ್ಪತ್ತು ವರ್ಷ ಓದಿಸಿಕೊಂಡಿದ್ದ ಮೊದಲ ಕೃತಿಯನ್ನು 2002ರಲ್ಲಷ್ಟೇ ಹೊರಬಂದಿದ್ದ 'ನೈಟ್ ವಾಚ್' ಹಿಂದೆ ಹಾಕಿತು. ಮತಗಣನೆ ನೆನಪನ್ನು ಅಳೆಯುತ್ತದೆಯೇ ಹೊರತು ಗುಣವನ್ನಲ್ಲ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಆದರೂ ನೆನಪು ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿದುಕೊಂಡುದಕ್ಕೆ ಕೃತಿಯಲ್ಲಿಯೇ ಕಾರಣವಿರಬೇಕು.

ಆ ಕಾರಣ ಸ್ಯಾಮ್ ವೈಮ್ಸ್‌ನ ಪಾತ್ರದಲ್ಲಿದೆ. 1989ರ 'ಗಾರ್ಡ್ಸ್! ಗಾರ್ಡ್ಸ್!'ನಲ್ಲಿ ಅವನು ಚರಂಡಿಯಲ್ಲಿ ಬಿದ್ದಿರುವ ಕುಡುಕ. ಯಾರಿಗೂ ಬೇಡವಾದ ರಾತ್ರಿ ಪಹರೆಯ ನಾಯಕ. ಕೃತಿಯಿಂದ ಕೃತಿಗೆ ಅವನು ಕುಡಿತ ಬಿಡುತ್ತಾನೆ, ಶ್ರೀಮಂತೆಯನ್ನು ಮದುವೆಯಾಗುತ್ತಾನೆ, ಡ್ಯೂಕ್ ಪದವಿಗೇರುತ್ತಾನೆ. ಆದರೆ ಬಡತನದ ಲೆಕ್ಕವನ್ನು ಮರೆಯುವುದಿಲ್ಲ. 1993ರ 'ಮೆನ್ ಅಟ್ ಆರ್ಮ್ಸ್'ನಲ್ಲಿ ಅವನು ಬೂಟುಗಳನ್ನು ಕುರಿತು ಮಾಡುವ ವಿಚಾರ ಓದುಗರ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಐವತ್ತು ಡಾಲರಿನ ಬೂಟು ವರ್ಷಗಟ್ಟಲೆ ಬಾಳುತ್ತದೆ. ಹತ್ತು ಡಾಲರಿನದು ಒಂದೆರಡು ಋತುಗಳಲ್ಲಿ ಹರಿಯುತ್ತದೆ. ಐವತ್ತು ಡಾಲರು ಒಟ್ಟಿಗೆ ಕೈಯಲ್ಲಿಲ್ಲದವನು ಕಾಲಾಂತರದಲ್ಲಿ ನೂರು ಡಾಲರು ತೆತ್ತೂ ಒದ್ದೆ ಕಾಲಿನಲ್ಲಿಯೇ ನಡೆಯುತ್ತಾನೆ. ಬಡವನಾಗಿರುವುದೇ ದುಬಾರಿ ಎಂಬ ಈ ತರ್ಕ ಎಷ್ಟು ಬೇರುಬಿಟ್ಟಿತೆಂದರೆ, 2022ರಲ್ಲಿ ಬ್ರಿಟನ್ನಿನಲ್ಲಿ ಅಗ್ಗದ ದಿನಸಿಯ ಬೆಲೆಯೇರಿಕೆಯನ್ನು ಅಳೆಯಲು ಹೊರಟ ಸೂಚ್ಯಂಕಕ್ಕೆ ವೈಮ್ಸ್‌ನ ಬೂಟುಗಳ ಹೆಸರಿಡಲಾಯಿತು.

'ನೈಟ್ ವಾಚ್'ನಲ್ಲಿ ವೈಮ್ಸ್ ಮೂವತ್ತು ವರ್ಷ ಹಿಂದಕ್ಕೆ ಎಸೆಯಲ್ಪಟ್ಟು, ತನ್ನದೇ ಎಳೆಯ ರೂಪಕ್ಕೆ ಗುರುವಾಗಿ ನಿಲ್ಲಬೇಕಾಗುತ್ತದೆ. ನಡೆಯಲಿರುವ ದಂಗೆ ಅವನಿಗೆ ಗೊತ್ತು, ಸಾಯಲಿರುವವರ ಹೆಸರೂ ಗೊತ್ತು. ನಗೆ ಇಲ್ಲಿ ಮಾಯವಾಗುವುದಿಲ್ಲ, ಆದರೆ ಕರುಣ ಅದರ ಮಗ್ಗುಲಲ್ಲಿಯೇ ಕುಳಿತಿರುತ್ತದೆ. ಆ ದಂಗೆಯಲ್ಲಿ ಬದುಕುಳಿದವರು ಸತ್ತವರ ನೆನಪಿಗೆ ಲೈಲ್ಯಾಕ್ ಹೂವನ್ನು ಧರಿಸುತ್ತಾರೆ. ಈ ಮಾಲೆಯ ಓದುಗರೂ ಮೇ 25ರಂದು ಆ ಹೂವನ್ನು ಧರಿಸುವ ರೂಢಿಯಿದೆ. ಹಾಸ್ಯ ಕಾದಂಬರಿಯೊಂದು ಶೋಕದ ಆಚರಣೆಯನ್ನು ಹುಟ್ಟುಹಾಕಿತು! ಹಾಸ್ಯ ಮತ್ತು ಕರುಣಗಳನ್ನು ಪರಸ್ಪರ ವಿರೋಧಿಗಳೆಂದು ಎಣಿಸುವ ರಸವಿಚಾರಕ್ಕೆ ಇದೊಂದು ತೊಡಕಿನ ಉದಾಹರಣೆ.

ವೈಮ್ಸ್‌ನ ಪಕ್ಷದವರಿಗೂ ಮುದುಕಿ ಗ್ರಾನಿ ವೆದರ್‌ವ್ಯಾಕ್ಸ್‌ಳ ಪಕ್ಷದವರಿಗೂ ನಡೆಯುವ ವಾದ ಮುಗಿಯುವಂಥದ್ದಲ್ಲ. ಮಂತ್ರಶಕ್ತಿ ಅಪಾರವಾಗಿದ್ದೂ ಅದನ್ನು ಬಳಸದಿರುವುದೇ ಅವಳ ಹಿರಿಮೆ. ಕೊನೆಯ ಕೃತಿಯ ಆರಂಭದಲ್ಲಿಯೇ ಅವಳು ಸಾಯುತ್ತಾಳೆ. ತಮಗೆ ಆಲ್ಝೈಮರ್ ರೋಗದ ಅಪರೂಪದ ರೂಪವೊಂದು ತಗುಲಿರುವುದನ್ನು 2007ರ ಡಿಸೆಂಬರಿನಲ್ಲಿ ಪ್ರ್ಯಾಚೆಟ್ ಪ್ರಕಟಪಡಿಸಿದ್ದರು. ಕೊನೆಯ ಪುಸ್ತಕಗಳನ್ನು ಬಾಯಲ್ಲಿ ಹೇಳಿ ಬರೆಸಿದರು. ಇವುಗಳ ಬಂಧ ಸಡಿಲವಾಗಿರುವುದು ನಿಜ. ಅಭಿಮಾನಿಗೆ ಇಲ್ಲಿ ನ್ಯಾಯಕ್ಕೂ ದಯೆಗೂ ನಡುವೆ ಆಯ್ಕೆ ಎದುರಾಗುತ್ತದೆ. ಅವರ ಅಪೂರ್ಣ ಬರಹಗಳಿದ್ದ ಕಂಪ್ಯೂಟರ್ ಡಿಸ್ಕನ್ನು ಅವರ ಇಚ್ಛೆಯಂತೆಯೇ 2017ರಲ್ಲಿ ರಸ್ತೆ ಸಮಮಾಡುವ ಉಗಿ ಎಂಜಿನ್ನಿನ ಕೆಳಗಿಟ್ಟು ನಾಶಮಾಡಲಾಯಿತು. ಇನ್ನು ಪಟ್ಟಿ ಬೆಳೆಯುವುದಿಲ್ಲ. ಬದಲಾಗಬಹುದಾದದ್ದು ಅದರೊಳಗಿನ ಕ್ರಮ ಮಾತ್ರ.

ನಮ್ಮಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನೂ ಬೀಚಿಯವರ ತಿಂಮನನ್ನೂ ಓದಿದವರು ಇಂಥ ವಾದಗಳನ್ನು ಮಾಡದೆ ಇರಲಾರರು. ವಾಚನಾಲಯದ ಬೆಂಚಿನ ಮೇಲೆ, ರೈಲಿನ ಡಬ್ಬಿಯಲ್ಲಿ ನಡೆದ ಆ ಮಾತುಗಳನ್ನು ಬರೆದಿಟ್ಟುಕೊಳ್ಳುವುದು ವಿಮರ್ಶೆಯ ಕೆಲಸವೆಂದು ನಾವು ಭಾವಿಸಲಿಲ್ಲ. 'ಜನಪ್ರಿಯ' ಎಂಬ ವಿಶೇಷಣ ನಮ್ಮ ವಿಭಾಗಗಳಲ್ಲಿ ಹೊಗಳಿಕೆಗಿಂತ ವರ್ಗೀಕರಣಕ್ಕೇ ಹೆಚ್ಚು ಬಳಕೆಯಾಗಿದೆ.

ಇಂಗ್ಲಿಷಿನ ಓದುಗರ ಮೆಚ್ಚಿನ ಪಟ್ಟಿಯನ್ನೇ ಹಿಡಿದು ಈ ಮಾಲೆಯನ್ನು ಕನ್ನಡಕ್ಕೆ ತರಲು ಹೊರಟರೆ ಕ್ರಮ ತಲೆಕೆಳಗಾದೀತು. ಶಬ್ದಚಮತ್ಕಾರವನ್ನೇ ನೆಚ್ಚಿದ ಕೃತಿಗಳು ಮೊದಲೇ ಹಿಂದುಳಿಯುತ್ತವೆ. 1992ರ 'ಸ್ಮಾಲ್ ಗಾಡ್ಸ್' ಮುಂದೆ ಬರುತ್ತದೆ: ಮಹಾದೇವನೊಬ್ಬ ಆಮೆಯ ದೇಹದಲ್ಲಿ ಸಿಕ್ಕಿಬಿದ್ದಿದ್ದಾನೆ, ಅವನ ಹೆಸರಿನಲ್ಲಿ ಸಾಮ್ರಾಜ್ಯವೇ ನಡೆಯುತ್ತಿದ್ದರೂ ಅವನನ್ನು ನಿಜವಾಗಿ ನಂಬುವವನು ಓದುಬರಹವಿಲ್ಲದ ಒಬ್ಬ ಶಿಷ್ಯ ಮಾತ್ರ. ಸ್ಥಾವರ ಜಂಗಮಗಳ ಚರ್ಚೆಯನ್ನು ಬಲ್ಲ ಕನ್ನಡ ಓದುಗನಿಗೆ ಇದಕ್ಕೆ ಟಿಪ್ಪಣಿ ಬೇಕಾಗದು. ಮತಗಣನೆಯಲ್ಲಿ ಈ ನಾಲ್ಕರ ಪೈಕಿ ಮುಂದಿದ್ದ 'ಮಾರ್ಟ್' ಮಾತ್ರ ಅತಿ ಕಠಿಣ. ಅದರಲ್ಲಿ ಹಳ್ಳಿಯ ಹುಡುಗನೊಬ್ಬನನ್ನು ಸಾವು ತನ್ನ ಕಸುಬಿಗೆ ಶಿಷ್ಯನಾಗಿ ಸೇರಿಸಿಕೊಳ್ಳುತ್ತದೆ. 'ಸೇರಿಸಿಕೊಳ್ಳುತ್ತದೆ' ಎಂದು ಬರೆದ ಕೂಡಲೇ ತೊಡಕು ಆರಂಭವಾಗುತ್ತದೆ. ಮೂಲದಲ್ಲಿ ಸಾವು ಗಂಡಸು, ಬೆಕ್ಕುಗಳೆಂದರೆ ಪ್ರೀತಿಯುಳ್ಳವನು. ಕನ್ನಡದ ಸಾವು ನಪುಂಸಕಲಿಂಗ. ಯಮನೆಂದರೆ ಲಿಂಗ ಸರಿಹೋಗುತ್ತದೆ, ಆದರೆ ಕೋಣ, ಪಾಶ, ಚಿತ್ರಗುಪ್ತರು ಹಿಂದೆಯೇ ಬರುತ್ತಾರೆ. ಈತನಾದರೋ ಬಿಳಿಯ ಕುದುರೆಯೇರಿ ಕುಡುಗೋಲು ಹಿಡಿದು ಬರುವವನು, ಯಾರಿಗೂ ತೀರ್ಪು ಕೊಡದವನು. ಸಾಲದುದಕ್ಕೆ ಅವನ ಮಾತು ಉದ್ಧರಣ ಚಿಹ್ನೆಯಿಲ್ಲದೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿಯೇ ಅಚ್ಚಾಗುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲ. ಅಚ್ಚಿನಲ್ಲಿ ದೊರೆಯದ ಆ ಗಾಂಭೀರ್ಯವನ್ನು ಭಾಷೆಯಲ್ಲಿಯೇ ಹುಡುಕಬೇಕು. ಸುತ್ತಲಿನವರೆಲ್ಲ ಆಡುಮಾತಿನಲ್ಲಿ ಗೊಣಗುತ್ತಿರುವಾಗ ಅವನೊಬ್ಬನಿಗೆ ಶಾಸನದ ಹಳಗನ್ನಡವನ್ನು ಕೊಟ್ಟು ನೋಡಬಹುದು.