ಬುಕ್ಕರಾಯನ ಶಾಸನವೂ ನನ್ನ ನೆರೆಯವರೂ



ಅನೇಕಾಂತವೆಂದೊಡನೆ ಕುರುಡರೂ ಆನೆಯೂ ನೆನಪಿಗೆ ಬರುವುದು ಸಹಜ. ಆದರೆ ಆ ಕಥೆಯನ್ನು ಕೇಳುವಾಗ ನಾವೆಲ್ಲರೂ ಕಣ್ಣುಳ್ಳವನ ಪಕ್ಕದಲ್ಲಿಯೇ ನಿಂತುಬಿಡುತ್ತೇವೆ! ಆದುದರಿಂದ ಕಥೆಯನ್ನು ಬಿಟ್ಟು, ನಮ್ಮ ಸೀಮೆಗೂ ಸಂಬಂಧಿಸಿದ ಒಂದು ಶಾಸನವನ್ನು ವಿಚಾರಿಸೋಣ.

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ಕ್ರಿ.ಶ. 1368ರ ಕನ್ನಡ ಶಾಸನವೊಂದಿದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿದಾಗ ಆನೆಗೊಂದಿ, ಹೊಸಪಟ್ಟಣ, ಕಲ್ಲೆಹ ಮತ್ತು ನಮ್ಮ ಹಿಂದೂಪುರಕ್ಕೆ ಸಮೀಪದ ಪೆನುಗೊಂಡೆ ಮೊದಲಾದ ಊರುಗಳ ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ರಾಯನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದನು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಹಿಂದಿನಂತೆಯೇ ಉಳಿಯಿತು. ಜೈನರಿಗೆ ಒದಗುವ ಹಾನಿಯನ್ನು ವೈಷ್ಣವರು ತಮ್ಮದೇ ಹಾನಿಯೆಂದು ಭಾವಿಸತಕ್ಕದ್ದೆಂಬ ಕಟ್ಟಳೆಯೂ ಆಯಿತು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಅಂದಿನ ಒಂದು ಹಣದಂತೆ ಕೂಡಿಸಿ, ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳನ್ನು ಸರಿಪಡಿಸುವ ಹೊಣೆ ತಿರುಮಲೆಯ ತಾತಯ್ಯನವರಿಗೆ ಬಂದಿತು. ವ್ಯಾಪಾರಿಯಾದ ನನಗೆ ಇದೇ ಬಹಳ ಮೆಚ್ಚಿಕೆ. ಬರಿಯ ಮಾತಲ್ಲ, ಲೆಕ್ಕವೂ ಇದೆ. ಅದೂ ವೈಷ್ಣವರ ಕೈಯಲ್ಲಿ ಜೈನರ ಲೆಕ್ಕ!

ಈ ಶಾಸನವನ್ನು ನಾನು ಬಹುಕಾಲ ಮೊರೆಯಿಟ್ಟವರ ಕಡೆಯಿಂದಲೇ ಓದಿದೆನು. ಮೊರೆ ಕೇಳಬೇಕಾದವರ ಸ್ಥಾನದಲ್ಲಿ ನಾನೂ ಇರಬಹುದೆಂದು ತೋಚಿರಲಿಲ್ಲ.

ಕಲ್ಯಾಣದುರ್ಗದಲ್ಲಿ ಬೆಳೆದ ನಾನು ಹಿಂದೂಪುರಕ್ಕೆ ಬಂದು ಹುಣಸೆಹಣ್ಣಿನ ವ್ಯಾಪಾರಕ್ಕೆ ಕುಳಿತವನು. ಪಕ್ಕದ ಬಟ್ಟೆ ಅಂಗಡಿಯವರು ಮಾರವಾಡಿ ಶ್ವೇತಾಂಬರರು. ಅವರಿಗೆ ಕನ್ನಡ ಬಾರದು, ನನಗೆ ಮಾರವಾಡಿ ಬಾರದು. ನಮ್ಮಿಬ್ಬರ ನಡುವೆ ತೆಲುಗು. ಒಂದು ವರ್ಷ ಭಾದ್ರಪದ ಶುದ್ಧ ಚೌತಿಯಂದು ಸಂವತ್ಸರಿ ಆಚರಿಸಿ, ಮರುದಿನ ಬೆಳಿಗ್ಗೆ ನನ್ನ ಅಂಗಡಿಗೆ ಬಂದು ಕೈಮುಗಿದು "ಮಿಚ್ಛಾಮಿ ದುಕ್ಕಡಂ" ಎಂದರು. "ನಮ್ಮ ದಶಲಕ್ಷಣ ಪರ್ವ ಇಂದು ತಾನೆ ಆರಂಭ. ನಮ್ಮ ಕ್ಷಮಾವಾಣಿಗೆ ಇನ್ನೂ ದಿನಗಳಿವೆ" ಎಂದು ನಾನು ತಕ್ಕಡಿಯಿಂದ ಕಣ್ಣೆತ್ತದೆ ನುಡಿದೆನು. ಅವರು ಸುಮ್ಮನೆ ಹೊರಟುಹೋದರು.

ಅನಂತ ಚತುರ್ದಶಿ ಕಳೆದು ನಮ್ಮ ಕ್ಷಮಾವಾಣಿಯ ದಿನ ಬಂದಾಗ ಅವರು ಮತ್ತೆ ಬಂದರು. "ಈ ದಿನ ಸರಿಯೇ?" ಎಂದು ತೆಲುಗಿನಲ್ಲಿ ಕೇಳಿದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ತಿಥಿಯನ್ನು ನನ್ನ ಗುಮಾಸ್ತನಿಂದ ಕೇಳಿ ತಿಳಿದುಕೊಂಡಿದ್ದರಂತೆ. ಅವರು ನುಡಿದ ಆ ಪ್ರಾಕೃತ ವಚನವಾದರೋ ನಮ್ಮ ಪ್ರತಿಕ್ರಮಣ ಪಾಠದಲ್ಲಿಯೂ ಇರುವಂಥದೇ. ನಾನದನ್ನು ಪುಸ್ತಕಕ್ಕೆ ಹೇಳಿದ್ದೆನೇ ಹೊರತು ಮನುಷ್ಯನಿಗೆ ಹೇಳಿರಲಿಲ್ಲ.

ಅಂದಿನಿಂದ ಪಂಚಮಿಯ ಬೆಳಿಗ್ಗೆ, ನನ್ನ ಅಂಗಡಿಯ ಬಾಗಿಲು ತೆರೆಯುವುದಕ್ಕೆ ಮುನ್ನ ಅವರ ಮೆಟ್ಟಿಲೇರುತ್ತೇನೆ. ನನ್ನ ಉಚ್ಚಾರಣೆಯನ್ನು ಕೇಳಿ ಅವರ ಮೊಮ್ಮಕ್ಕಳು ನಗುತ್ತಾರೆ.